ಬರವಣಿಗೆ ಕೋರ್ಸಿಗೆ ಮೂರು ಗಂಟೆಯ ಪರೀಕ್ಷೆ ಯಾಕೆ?

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ಪದವಿ ಕಾಲೇಜುಗಳ ಸೂಚನಾ ಫಲಕಗಳಲ್ಲಿ 'ಸೃಜನಶೀಲ ಬರವಣಿಗೆ: ಸರ್ಟಿಫಿಕೇಟ್ ಕೋರ್ಸ್' ಎಂಬ ಪ್ರಕಟಣೆ ಆಗೀಗ ಕಾಣಿಸುತ್ತದೆ. ಸಂತೋಷವೇ. ಆದರೆ ಇಂಥ ಕೋರ್ಸುಗಳಲ್ಲಿ ಹೆಚ್ಚಿನವು ನಡೆಯುವ ರೀತಿ ಒಂದೇ. ಉದ್ಘಾಟನೆ, ಆರೇಳು ಉಪನ್ಯಾಸ, ಒಂದು ಕವಿಗೋಷ್ಠಿ, ಕೊನೆಗೆ ಮೂರು ಗಂಟೆಯ ಪರೀಕ್ಷೆ, ಅದರಲ್ಲಿ 'ಸಣ್ಣಕಥೆಯ ಲಕ್ಷಣಗಳನ್ನು ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆ. ಲಕ್ಷಣ ಬರೆದವನಿಗೆ ಅಂಕ ಸಿಗುತ್ತದೆ, ಕಥೆ ಬರೆದವನ ಕಥೆಯನ್ನು ಓದುವವರೇ ಇರುವುದಿಲ್ಲ. ಬರವಣಿಗೆ ಕಲಿಸುವ ಕೆಲಸದಲ್ಲಿ ತೊಡಗಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಬೇಡಿಕೆ ಒಂದೇ. ಈ ಕೋರ್ಸನ್ನು ಉಪನ್ಯಾಸದ ಕೋರ್ಸು ಮಾಡಬೇಡಿ, ತಿದ್ದಿ ಬರೆಯುವ ಕೋರ್ಸು ಮಾಡಿ. ಅಂಕವೂ ತಿದ್ದಿದ್ದಕ್ಕೇ ಸಿಗಲಿ.

ಇಂಥ ಕೋರ್ಸಿಗೆ ಮಾದರಿ ಬೇಕೆಂದರೆ ಅಮೆರಿಕದ ಸಮುದಾಯ ಕಾಲೇಜುಗಳನ್ನು ನೋಡಬಹುದು. ಅವು ಎರಡು ವರ್ಷದ ಕಾಲೇಜುಗಳು. ಪ್ರವೇಶಕ್ಕೆ ಕಟ್ಆಫ್ ಅಂಕದ ತಡೆ ಸಾಮಾನ್ಯವಾಗಿ ಇರುವುದಿಲ್ಲ. ಹಗಲು ದುಡಿದು ಸಂಜೆ ಬರುವವರು, ಮಕ್ಕಳು ದೊಡ್ಡವರಾದ ಮೇಲೆ ಓದಲು ಬಂದವರು, ನಿವೃತ್ತರು, ಎಲ್ಲರೂ ಒಂದೇ ಕೊಠಡಿಯಲ್ಲಿ. ಅಲ್ಲಿ ಬರವಣಿಗೆಯ ತರಗತಿ ಸಾಮಾನ್ಯವಾಗಿ ಮೂರು ಕ್ರೆಡಿಟ್‌ನದು, ಅಂದರೆ ವಾರಕ್ಕೆ ಮೂರು ಗಂಟೆಯ ಪಾಠ, 15-16 ವಾರ ನಡೆಯುತ್ತದೆ. ತರಗತಿಯ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಕೆಲಸ ಎಂಬ ಲೆಕ್ಕ ಇರುತ್ತದೆ. ಸಹಪಾಠಿಗಳು ಒಬ್ಬರ ಕರಡನ್ನು ಮುಂಚೆಯೇ ಓದಿಕೊಂಡು ಬಂದು ಚರ್ಚಿಸುವ ಕ್ರಮ 1936ರಲ್ಲಿ ಶುರುವಾದ ಅಯೋವಾ ವಿಶ್ವವಿದ್ಯಾಲಯದ ಬರವಣಿಗೆ ಕಾರ್ಯಾಗಾರದ ಮೂಲಕ ಹೆಸರಾಗಿ, ಇಂಥ ಸಣ್ಣ ಕಾಲೇಜುಗಳಿಗೂ ಹಬ್ಬಿತು. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ 2013ರ ಸುಮಾರಿಗೆ ಸಮುದಾಯ ಕಾಲೇಜು ಯೋಜನೆ ತಂದಿತು. ಇರುವ ಕಾಲೇಜಿನೊಳಗೇ ಕೌಶಲದ ಕೋರ್ಸು ನಡೆಸುವ ಏರ್ಪಾಡು ಅದು.

ಆ ಯೋಜನೆಯ ಚೌಕಟ್ಟನ್ನೇ ಹಾಗೇ ಎತ್ತಿಕೊಂಡರೆ ಬರವಣಿಗೆಗೆ ಒಗ್ಗುವುದಿಲ್ಲ. ಆರು ತಿಂಗಳ ಸರ್ಟಿಫಿಕೇಟಿಗೆ 30 ಕ್ರೆಡಿಟ್, ಅದರಲ್ಲಿ 18 ಕೌಶಲಕ್ಕೆ, 12 ಸಾಮಾನ್ಯ ಶಿಕ್ಷಣಕ್ಕೆ. ಪಾಠಕ್ಕೆ ಕ್ರೆಡಿಟ್ಟಿಗೆ 15 ಗಂಟೆ, ಪ್ರಾಯೋಗಿಕಕ್ಕೆ 30 ಗಂಟೆ ಎಂದು ಹಿಡಿದರೆ ಒಟ್ಟು 720 ಗಂಟೆ. ವಾರಕ್ಕೆ 30 ಗಂಟೆ! ಮದ್ದೂರಿನ ಅಂಗಡಿಯಲ್ಲಿ ಕೂರುವ ಹುಡುಗ, ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಹೆಣ್ಣುಮಗಳು ಇದಕ್ಕೆ ಎಲ್ಲಿಂದ ಬರಬೇಕು? ಇನ್ನೊಂದು ತುದಿಯಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ಕಡತಕ್ಕೆಂದು ಕಾಲೇಜುಗಳು ನಡೆಸುವ 30 ಗಂಟೆಯ ಮೌಲ್ಯವರ್ಧಿತ ಕೋರ್ಸಿದೆ. ಅದರಲ್ಲಿ ಹದಿನೈದು ಜನರಿಗೆ ತಮ್ಮ ಬರಹವನ್ನು ಚರ್ಚೆಗಿಡಲು ತಲಾ ಮೂರು ಸಲ ಸರದಿ ಕೊಡುವಷ್ಟರಲ್ಲಿ ಸಮಯವೇ ಮುಗಿಯುತ್ತದೆ, ಓದಿಗಾಗಲೀ ಅಭ್ಯಾಸಕ್ಕಾಗಲೀ ಒಂದು ನಿಮಿಷವೂ ಉಳಿಯುವುದಿಲ್ಲ.

ನಮಗೆ ಸರಿಯೆನಿಸುವ ಅಳತೆ 80 ಗಂಟೆ. ಶನಿವಾರ ಮಧ್ಯಾಹ್ನ ಎರಡು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ, ಇಪ್ಪತ್ತು ವಾರ. ಅಲ್ಲಿಗೆ ನಲವತ್ತು ತರಗತಿ. ತಂಡದಲ್ಲಿ ಹದಿನೈದು ಜನ, ಅದಕ್ಕಿಂತ ಒಬ್ಬರೂ ಹೆಚ್ಚು ಬೇಡ. ಪ್ರತಿಯೊಬ್ಬರ ಬರಹ ಐದು ಸಲ ಚರ್ಚೆಗೆ ಬರಬೇಕೆಂದರೆ 75 ಸರದಿ. ಒಂದು ತರಗತಿಗೆ ಮೂರರಂತೆ 25 ತರಗತಿ ಅದಕ್ಕೇ ಹೋಗುತ್ತದೆ. ಉಳಿದ ಹದಿನೈದರಲ್ಲಿ ಆರು ಅಭ್ಯಾಸಕ್ಕೆ, ನಾಲ್ಕು ಓದಿಗೆ, ಮೂರು ಟೈಪಿಂಗ್ ಮತ್ತು ಕರಡು ತಿದ್ದುವುದಕ್ಕೆ, ಎರಡು ಪತ್ರಿಕೆ–ಪ್ರಕಾಶಕರ ವ್ಯವಹಾರ ತಿಳಿಯುವುದಕ್ಕೆ. ಹದಿನೈದರ ಜಾಗದಲ್ಲಿ ನಲವತ್ತು ಜನರನ್ನು ತುಂಬಿದರೆ ಶುಲ್ಕ ಹೆಚ್ಚು ಬರುತ್ತದೆ ನಿಜ, ಆದರೆ ಸರದಿ ತಲಾ ಎರಡಕ್ಕೂ ಮುಟ್ಟುವುದಿಲ್ಲ. ಒಂದೇ ಸಲ ಬಂದ ಬರಹವನ್ನು ತಿದ್ದಿ ತೋರಿಸುವ ಅವಕಾಶ ಇಲ್ಲದಿದ್ದರೆ ಆ ಚರ್ಚೆ ಬರೀ ಹೊಗಳಿಕೆಯೋ ಬರೀ ಅವಮಾನವೋ ಆಗಿ ಮುಗಿಯುತ್ತದೆ.

ಒಂದು ಸರದಿಗೆ 35 ನಿಮಿಷ. ಬರಹ ಒಂದು ವಾರ ಮುಂಚೆಯೇ ಎಲ್ಲರ ಕೈ ಸೇರಿರಬೇಕು. 1,500 ಪದದ ಕಥೆ ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿದರೆ ಆರೇಳು ಪುಟವಾಗುತ್ತದೆ. ಅಂಚಿನಲ್ಲಿ ಎರಡು ಬೆರಳಗಲ ಖಾಲಿ ಇರಲಿ, ಟಿಪ್ಪಣಿ ಬೀಳುವುದು ಅಲ್ಲೇ. ತರಗತಿಯಲ್ಲಿ ಮೊದಲು ಬರೆದವರು ಒಂದು ಪುಟ ಗಟ್ಟಿಯಾಗಿ ಓದುತ್ತಾರೆ, ಮೂರು ನಿಮಿಷ. ಮುಂದಿನ ಐದು ನಿಮಿಷ ಬೇರೆಯವರು 'ಇದರಲ್ಲಿ ನಡೆಯುವುದೇನು' ಎಂದಷ್ಟೇ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಬರಕೂಡದು. ಸುಲಭವೆಂದು ಕಾಣುವ ಈ ಹಂತವೇ ಹೆಚ್ಚು ಕೆಲಸ ಮಾಡುತ್ತದೆ. ಅತ್ತೆಯ ಕಥೆ ಎಂದುಕೊಂಡು ಬರೆದದ್ದನ್ನು ಹತ್ತು ಜನ ಸೊಸೆಯ ಕಥೆ ಎಂದು ಓದಿದ್ದರೆ ಬರೆದವರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಹದಿನೇಳು ನಿಮಿಷ ಚರ್ಚೆ, ಪ್ರತಿ ಮಾತಿಗೂ ಪುಟ, ಸಾಲು ತೋರಿಸಬೇಕು. ಅಲ್ಲಿಯವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ. 'ನಾನು ಹೇಳಹೊರಟದ್ದು ಏನೆಂದರೆ' ಎಂದು ಅವರು ಶುರು ಮಾಡಿದರೆ ಮುಗಿಯಿತು, ಪುಟದಲ್ಲಿ ಇಲ್ಲದ್ದನ್ನೆಲ್ಲ ಬಾಯಿಂದ ತುಂಬಿಸುತ್ತಾರೆ. ಪತ್ರಿಕೆಯಲ್ಲಿ ಓದುವವರ ಪಕ್ಕ ಬಂದು ಕೂತು ವಿವರಣೆ ಕೊಡಲು ಯಾರಿಂದಲೂ ಆಗದು. ಕೊನೆಯಲ್ಲಿ ಐದು ನಿಮಿಷ ಬರೆದವರು ಪ್ರಶ್ನೆ ಕೇಳಬಹುದು, ಇನ್ನೈದು ನಿಮಿಷದಲ್ಲಿ ಟಿಪ್ಪಣಿ ಹಾಕಿದ ಪ್ರತಿಗಳು ಅವರ ಕೈಗೆ ಹೋಗುತ್ತವೆ.

ನಮ್ಮ ಕಡೆ ಇದು ಕೆಡುವುದು ಎರಡು ಕಾರಣಕ್ಕೆ. ಮೊದಲನೆಯದು ಮರ್ಯಾದೆ. ನಿವೃತ್ತ ತಹಶೀಲ್ದಾರರು ಚುಟುಕ ಓದಿದರೆ ಹತ್ತೊಂಬತ್ತರ ಹುಡುಗಿ 'ಚೆನ್ನಾಗಿದೆ ಸಾರ್' ಎನ್ನದೆ ಇನ್ನೇನು ಅಂದಾಳು? ಜಾತಿ, ಊರು, ಯಾರ ಪೈಕಿ ಎಂಬುದೂ ಕೊಠಡಿಯೊಳಗೆ ಬಂದು ಕೂರುತ್ತದೆ. ಹಾಗಾಗಿ ಮೊದಲ ಎರಡು ಸುತ್ತು ಬರಹಗಳನ್ನು ಹೆಸರಿಲ್ಲದೆ ಹಂಚಬೇಕು, ಆ ಸುತ್ತುಗಳಲ್ಲಿ ಗಟ್ಟಿಯಾಗಿ ಓದುವ ಕೆಲಸ ಮೇಷ್ಟ್ರದು, ಪ್ರಶ್ನೆಗಳನ್ನೂ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಬೇಕು. ಎರಡನೆಯದು ಮೇಷ್ಟ್ರು ಮೊದಲು ಮಾತಾಡುವುದು. ಅವರು ಬಾಯಿ ಬಿಟ್ಟ ಮೇಲೆ ಬೇರೆ ಅಭಿಪ್ರಾಯ ಹುಟ್ಟುವುದೇ ಇಲ್ಲ. ಅವರ ಮಾತು ಕೊನೆಗೇ ಇರಲಿ. ಅಂಚಿನ ಟಿಪ್ಪಣಿಯಲ್ಲಿ 'ಸೂಪರ್', 'ಅದ್ಭುತ' ನಿಷಿದ್ಧ. ಕಣ್ಣಿಗೆ ಕಟ್ಟಿದ್ದು ಯಾವುದು, ಎಲ್ಲಿ ದಾರಿ ತಪ್ಪಿತು, ಯಾವ ಮಾತನ್ನು ನಂಬಲಾಗಲಿಲ್ಲ ಎಂಬ ಮೂರನ್ನು ಬರೆದರೆ ಸಾಕು.

ಕನ್ನಡದಲ್ಲಿ ಬರೆಯುವ ಹೊಸಬರ ಮೊದಲ ಕರಡಿನಲ್ಲಿ ಏನು ತಪ್ಪುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಠ್ಯಕ್ರಮ ರೂಪಿಸುವವರು ಇದನ್ನು ಬಿಟ್ಟು ಇಂಗ್ಲಿಷ್ ಪುಸ್ತಕಗಳ ಪಟ್ಟಿ ಕೊಡುತ್ತಾರೆ.

ಹೆಚ್ಚಿನ ಕಥೆಗಳು ಒಂದು ಪುಟ ತಡವಾಗಿ ಶುರುವಾಗುತ್ತವೆ. ಬೆಳಗಾಗುತ್ತದೆ, ಕಾಫಿ ಕುಡಿಯುತ್ತಾರೆ, ಬಸ್ಸು ಹತ್ತುತ್ತಾರೆ, ಕಿಟಕಿ ಪಕ್ಕ ಕೂತ ಕೂಡಲೇ ನೆನಪಿನ ಸುರುಳಿ ಬಿಚ್ಚಿಕೊಳ್ಳುತ್ತದೆ. ಬರೆಯುವವರಿಗೇ ಕಥೆ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ, ಅದಕ್ಕೇ ಹೀಗಾಗುತ್ತದೆ. ಅದು ತಪ್ಪಲ್ಲ, ಹುಡುಕಾಟವನ್ನು ಹಾಗೇ ಉಳಿಸಿಕೊಳ್ಳುವುದು ತಪ್ಪು. ಮೊದಲ ಪುಟವನ್ನು ಮಡಿಸಿಟ್ಟು ಎರಡನೆಯದರಿಂದ ಓದಿಸಿ. ಅರ್ಥವಾಗದೆ ಹೋದ ಎರಡೋ ಮೂರೋ ಸಂಗತಿಗಳನ್ನು ಮಾತ್ರ ಒಳಗೆ ಸೇರಿಸಿದರೆ ಸಾಕಾಗುತ್ತದೆ. ಕೊನೆಯಲ್ಲಿ ಬರುವ ಅಪಘಾತ, ಆತ್ಮಹತ್ಯೆಗಳದ್ದೂ ಇಂಥದೇ ಕಥೆ. ಪಾತ್ರ ಒಂದು ತೀರ್ಮಾನ ತೆಗೆದುಕೊಳ್ಳಬೇಕಾದ ಜಾಗ ನಡುವೆಯೇ ಇತ್ತು, ಅದನ್ನು ದಾಟಿ ಬಂದದ್ದರಿಂದ ಕೊನೆಗೆ ಲಾರಿ ಬರುತ್ತದೆ.

ಕ್ರಿಯಾಪದಗಳ ಗೊಂದಲ ಇನ್ನೊಂದು. 'ಬಂದಳು' ಎಂದು ಶುರುವಾದ ಕಥೆ ಮೂರನೇ ಪ್ಯಾರಾದಲ್ಲಿ 'ಬರುತ್ತಾಳೆ' ಆಗಿ, ಐದರಲ್ಲಿ 'ಬಂದಿರುತ್ತಾಳೆ' ಆಗುತ್ತದೆ. ಕಚೇರಿಯ ಕನ್ನಡ ಬಳಸುವವರಲ್ಲಿ 'ನೀಡಲಾಯಿತು', 'ತಿಳಿಸಲಾಗಿದೆ' ನುಸುಳುತ್ತವೆ, ಕೆಲಸ ಮಾಡಿದವರು ಯಾರೆಂದೇ ಗೊತ್ತಾಗದೆ ಹೋಗುತ್ತದೆ. ಕೆಂಪು ಪೆನ್ನಿನಲ್ಲಿ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿಸಿ. ಎರಡು ಪುಟದಲ್ಲಿ ಅವರಿಗೇ ಕಾಣಿಸುತ್ತದೆ, ಮೇಷ್ಟ್ರು ಹೇಳಬೇಕಾಗಿಲ್ಲ.

ಮಂಡ್ಯದ ಮಾತಿಗೆ ಪ್ರತ್ಯೇಕ ತರಗತಿಯೇ ಬೇಕು. ಒಂದು ಗುಂಪು ಮಳವಳ್ಳಿಯ ಅಜ್ಜಿಯ ಬಾಯಲ್ಲಿ 'ನೀನು ಏಕೆ ಇಷ್ಟು ತಡವಾಗಿ ಬಂದೆ' ಎನ್ನಿಸುತ್ತದೆ. ಇನ್ನೊಂದು ಗುಂಪು ಸಿನಿಮಾ ನೋಡಿ ಕಲಿತಂತೆ ಪ್ರತಿ ಪದದ ಹಕಾರ ಹಾರಿಸಿ, ಒತ್ತು ತಿರುಚಿ, ಮಂಡ್ಯದವರಿಗೇ ಎರಡು ಸಲ ಓದಬೇಕಾಗುವ ಹಾಗೆ ಬರೆಯುತ್ತದೆ. 'ಯಾಕ್ಲಾ ಇಷ್ಟೊತ್ ಮಾಡ್ದೆ?' ಎಂದರೆ ಸಾಕು, ಊರು ಕೇಳಿಸುತ್ತದೆ. ಕರೆಯುವ ಪದ, ಕ್ರಿಯಾಪದದ ಕೊನೆ, 'ಕನಾ', 'ಕಣವ್ವ'ದಂಥ ಒತ್ತಿ ಹೇಳುವ ಮಾತು, ಈ ಮೂರನ್ನು ಉಳಿಸಿಕೊಂಡು ಉಳಿದದ್ದನ್ನು ಎಲ್ಲರೂ ಓದುವ ಕಾಗುಣಿತದಲ್ಲೇ ಬಿಡುವುದು ಒಳ್ಳೆಯದು. ಮಾತನ್ನು ತಮಾಷೆಗೆ ಬಳಸುತ್ತಿದ್ದೇವೋ ಮನುಷ್ಯನನ್ನು ತೋರಿಸಲು ಬಳಸುತ್ತಿದ್ದೇವೋ ಎಂಬುದು ಗಟ್ಟಿಯಾಗಿ ಓದಿದಾಗ ಬಯಲಾಗುತ್ತದೆ.

ಕವಿತೆಯ ಮಟ್ಟಿಗೆ ನಮ್ಮ ಅಭಿಪ್ರಾಯ ಸ್ವಲ್ಪ ಹಳೆಯದು ಎನ್ನಿಸಬಹುದು. ಗದ್ಯವನ್ನು ತುಂಡರಿಸಿ ಒಂದರ ಕೆಳಗೊಂದು ಜೋಡಿಸಿದ ಕವಿತೆಗಳೇ ಹೆಚ್ಚು ಬರುತ್ತವೆ. ಅದನ್ನು ಮತ್ತೆ ಗದ್ಯವಾಗಿ ಬರೆಸಿ ನೋಡಿ, ಏನೂ ಕಳೆದುಕೊಳ್ಳದಿದ್ದರೆ ಅದು ಗದ್ಯವೇ. ಮುಕ್ತಛಂದಸ್ಸಿಗೆ ಮೊದಲು ಎರಡು ವಾರ ಮಾತ್ರೆ ಎಣಿಸಲಿ. ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ ಅದು, ಲಘುವಿಗೆ ಒಂದು, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ ಅದರ ಒಂದೂವರೆಯಷ್ಟು, ಮೇಲೊಂದು ಗುರು, ಒಟ್ಟು 23. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನವಿದ್ದರೆ ಆದಿಪ್ರಾಸ. 'ಕಬ್ಬು ಕಡಿದರು ಗದ್ದೆ ಬಯಲಲಿ / ಹಬ್ಬ ಬಂದಿತು ಬೀದಿ ಬೀದಿಗೆ' ಎಂದು ಕರಿಹಲಗೆಯ ಮೇಲೆ ಬರೆದು ಗಣ ವಿಭಾಗ ಮಾಡಿಸಿದರೆ ಅರ್ಧ ಗಂಟೆಯಲ್ಲಿ ಲೆಕ್ಕ ತಿಳಿಯುತ್ತದೆ. ಇದೇನು ದೊಡ್ಡ ಕವಿತೆಯಲ್ಲ, ಆಗಬೇಕಾಗಿಯೂ ಇಲ್ಲ. ಒಂದು ಮಾತ್ರೆ ಹೆಚ್ಚಾದಾಗ ಕಿವಿಗೆ ಚುಚ್ಚುವುದು ಅಭ್ಯಾಸವಾಗಬೇಕು ಅಷ್ಟೇ. ಆ ಕಿವಿ ಗದ್ಯ ಬರೆಯುವವರಿಗೂ ಬೇಕು.

ಅಭ್ಯಾಸಕ್ಕೆ ವಸ್ತು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆಲೆಮನೆಗೆ ಕಳಿಸಿ 300 ಪದ ಬರೆಸಿ. ಗಾಣದಿಂದ ರಸ ಬಂದು ಕೊಪ್ಪರಿಗೆ ಸೇರುವುದು, ಸುಣ್ಣ ಹಾಕಿ ಮಡ್ಡಿ ತೆಗೆಯುವುದು, ಪಾಕ ಹದಕ್ಕೆ ಬಂತೆಂದು ನೋಡುವುದು, ಅಚ್ಚಿಗೆ ಸುರಿಯುವುದು. ಷರತ್ತು ಎರಡೇ. ಒಂದು ಗುಣವಾಚಕವೂ ಇರಕೂಡದು, ಪಾಕ ನೋಡುವವನ ಕೈ ಕಾಣಬೇಕು. ಮೈಸೂರಿನವರು ದೇವರಾಜ ಮಾರುಕಟ್ಟೆಯಲ್ಲಿ ಹೂವಿನವಳು ಮೊಳ ಅಳೆಯುವುದನ್ನು ಬರೆಯಲಿ. ಗಿರಾಕಿ ನೋಡಿ ಮೊಳ ಗಿಡ್ಡವಾಗುತ್ತದೆಯೇ ಎಂಬುದು ಗಮನಿಸಿದವರಿಗೆ ಮಾತ್ರ ಸಿಗುವ ಸಂಗತಿ.

ಮೊದಲ ಕರಡು ತರಗತಿಯಲ್ಲೇ, ಕೈಯಲ್ಲೇ, ನೋಟ್‌ಬುಕ್ಕಿನಲ್ಲೇ ಆಗಲಿ ಎನ್ನುತ್ತೇವೆ. ಈಗ ಮೊಬೈಲಿಗೆ ಹೇಳಿದರೆ ಅದು ತಾನೇ ಕಥೆ ಬರೆದುಕೊಡುತ್ತದೆ. ಹಾಗೆ ಬಂದದ್ದಕ್ಕೆ ಮೂರು ಕರಡು ಇರುವುದಿಲ್ಲ, ಹೊಡೆದುಹಾಕಿದ ಸಾಲುಗಳಿರುವುದಿಲ್ಲ. ಕರಡುಗಳನ್ನೇ ಕೇಳಿದರೆ ಆ ತಲೆನೋವು ಬಹುಮಟ್ಟಿಗೆ ತಾನಾಗಿ ಕಡಿಮೆಯಾಗುತ್ತದೆ. ತಿದ್ದುವುದಕ್ಕೂ ಒಂದು ಕ್ರಮವಿದೆ. ಒಂದು ವಾರ ಬಿಟ್ಟು ಓದಿ ಮೊದಲು ಘಟನೆಗಳ ಜೋಡಣೆ, ಆಮೇಲೆ ವಾಕ್ಯ, ಕಡೆಗೆ ಕಾಗುಣಿತ. ಹುಡುಗರು ಉಲ್ಟಾ ಮಾಡುತ್ತಾರೆ. ಒತ್ತಕ್ಷರ ತಿದ್ದಿ ನೀಟಾಗಿ ಟೈಪ್ ಮಾಡಿಬಿಡುತ್ತಾರೆ, ಅಷ್ಟು ಚಂದ ಕಾಣುವ ಪುಟವನ್ನು ಹರಿಯಲು ಆಮೇಲೆ ಮನಸ್ಸು ಬರುವುದಿಲ್ಲ.

ಅಂಕ ಹೀಗೆ ಹಂಚಬಹುದು: ಕರಡುಗಳ ನಡುವಿನ ಬದಲಾವಣೆಗೆ 40, ಬೇರೆಯವರ ಬರಹಕ್ಕೆ ಹಾಕಿದ ಟಿಪ್ಪಣಿಗೆ 25, ನೋಟ್‌ಬುಕ್ಕಿಗೆ 20, ಕೊನೆಯ ಪ್ರತಿಗೆ 15. ವಿದ್ಯಾರ್ಥಿ ಒಪ್ಪಿಸುವ ಕಡತದಲ್ಲಿ 2,500 ಪದದೊಳಗಿನ ಒಂದು ಕಥೆ ಮೂರು ಕರಡು ಸಮೇತ, ಇಲ್ಲವೇ ಎಂಟು ಕವಿತೆ ತಲಾ ಎರಡು ಕರಡು ಸಮೇತ, ಜೊತೆಗೆ ಏನು ಬದಲಾಯಿತು, ಯಾಕೆ ಎಂದು ಒಂದು ಪುಟ. ಪ್ರತಿಭೆಗೆ ಅಂಕ ಕೊಡುವುದು ಹೇಗೆ ಎಂದು ಪರೀಕ್ಷಾ ವಿಭಾಗದವರು ಕೇಳುತ್ತಾರೆ. ಪ್ರತಿಭೆಗೆ ಕೊಡಬೇಕಾಗಿಲ್ಲ, ಕೆಲಸಕ್ಕೆ ಕೊಡಿ.

'ಕುವೆಂಪು ಯಾವ ಕೋರ್ಸು ಮಾಡಿದ್ದರು?' ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೋರ್ಸು ಮಾಡಿರಲಿಲ್ಲ. ಆದರೆ ಇದೇ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದ್ದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಸಿಕ್ಕಿದ್ದು ಅಲ್ಲಿ. ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳೂ ಇದ್ದರು. ಹಸ್ತಪ್ರತಿ ಹಿಡಿದು ಹೋಗಿ ಬಾಗಿಲು ತಟ್ಟಬಲ್ಲ ಅಂಥ ಮನೆಗಳು ಇವತ್ತು ನಾಗಮಂಗಲದ ಹುಡುಗಿಗೆ ಎಷ್ಟಿವೆ? ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರನ್ನು, ಮೇಲುಕೋಟೆ ಪು.ತಿ.ನ. ಅವರನ್ನು ಕೊಟ್ಟ ಜಿಲ್ಲೆ ಮಂಡ್ಯ. 1974, 1994, 2024ರಲ್ಲಿ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿದ ಊರು. ವೇದಿಕೆಗೆ ಇಲ್ಲಿ ಬರವಿಲ್ಲ, ಕರಡು ಓದಿಕೊಡುವವರಿಗೆ ಬರ.

ಹಾಗೆ ಓದುವವರಿಗೆ ಕಾಸು ಕೊಡಬೇಕು ಎಂಬುದನ್ನೂ ಹೇಳಿಬಿಡುತ್ತೇವೆ. 75 ಬರಹ, ಒಂದಕ್ಕೆ 45 ನಿಮಿಷ ಎಂದರೂ ತರಗತಿಯ ಹೊರಗೆ 56 ಗಂಟೆ ದಾಟುತ್ತದೆ. ಅತಿಥಿ ಉಪನ್ಯಾಸಕರಿಗೆ ಪಾಠ ಮಾಡಿದ ಗಂಟೆಗಷ್ಟೇ ಸಂಭಾವನೆ ಕೊಟ್ಟರೆ ಅವರು ಓದುವುದಿಲ್ಲ, ಮೇಲೆ ಮೇಲೆ ನೋಡಿ ಟಿಕ್ ಹಾಕುತ್ತಾರೆ. ಅಧ್ಯಾಪಕರ ಅರ್ಹತಾ ಪರೀಕ್ಷೆ 'ನೆಟ್' ಪಾಸಾಗದ ಒಳ್ಳೆಯ ಕಥೆಗಾರರನ್ನು ಕರೆಯಲು ನಿಯಮ ಅಡ್ಡ ಬರುತ್ತದೆ ಎನ್ನುವವರು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ನೋಡಲಿ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವವಿರುವವರಿಗೆ ಪದವಿಯ ಷರತ್ತಿಲ್ಲದೆ ಅವಕಾಶವಿದೆ.

ಟೈಪಿಂಗ್ ತರಗತಿಯನ್ನು ಹಗುರವಾಗಿ ಕಾಣಬೇಡಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟಿಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಎಲ್ಲ ಕಂಪ್ಯೂಟರ್, ಮೊಬೈಲುಗಳಲ್ಲೂ ತೆರೆಯುವ ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪಬಹುದು, 'ಸಾಫ್ಟ್‌ವೇರ್' ಎಂಬಲ್ಲಿ ಅಕ್ಷರಗಳು ಒಂದರ ಕೆಳಗೊಂದು ಸೇರಿಕೊಳ್ಳಬಹುದು. ಪರಿವರ್ತನೆಯ ನಂತರ ಇಡೀ ಬರಹ ಮತ್ತೊಮ್ಮೆ ಓದಲೇಬೇಕು. ಶುರುವಿನಿಂದಲೇ ಯೂನಿಕೋಡಿನಲ್ಲಿ ಬರೆದರೆ ಈ ಗೋಳೇ ಇಲ್ಲ.

ಪ್ರಕಟಣೆಯ ಎರಡು ತರಗತಿಗಳಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಓದಿಸಬೇಕು. ಹಕ್ಕು ವರ್ಗಾವಣೆ ಬರಹದಲ್ಲಿದ್ದು ಸಹಿ ಆಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿ ಬರೆಯದಿದ್ದರೆ ಭಾರತದೊಳಗೆ ಎಂದೂ ಲೆಕ್ಕ. ಬೇರೆ ಮಾತಾಗಿರದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದಲ್ಲಿ ಅದು ಬಿದ್ದುಹೋಗುತ್ತದೆ. ಸ್ಪರ್ಧೆಗೆ ಕಳಿಸುವ ಆತುರದಲ್ಲಿ 'ಎಲ್ಲ ಹಕ್ಕುಗಳೂ ಆಯೋಜಕರವು' ಎಂಬ ಸಾಲಿಗೆ ಸಹಿ ಹಾಕುವವರು ಬಹಳ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆಯನ್ನು ನಮ್ಮ ದೇಶದ ಸರ್ಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಹಣ ಕೇಳುವವರಿಗೆ ಕೊಡಬೇಕಾಗಿಲ್ಲ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಬರುತ್ತದೆ.

ಮುಂದಿನ ವರ್ಷ ಪ್ರವೇಶ ಪ್ರಕಟಣೆ ಹೊರಡಿಸುವ ಕಾಲೇಜುಗಳು ತಂಡದ ಗಾತ್ರ, ಒಬ್ಬರಿಗೆ ಎಷ್ಟು ಸರದಿ, ಕರಡು ಓದುವವರು ಯಾರು ಎಂಬುದನ್ನು ಅದರಲ್ಲೇ ಅಚ್ಚು ಮಾಡಲಿ. ವಯಸ್ಸಿನ ಮಿತಿ ಬೇಡ, ಪದವಿಯ ಷರತ್ತು ಬೇಡ, ಅರ್ಜಿಯ ಜೊತೆ ಕೈಬರಹದ ಎರಡು ಪುಟ ಕೇಳಿದರೆ ಸಾಕು. ಶನಿವಾರದ ತರಗತಿ ನಾಲ್ಕೂವರೆಗೆ ಮುಗಿಯಬೇಕು, ಇಲ್ಲದಿದ್ದರೆ ಕೆ.ಆರ್. ಪೇಟೆ, ಮಳವಳ್ಳಿ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ.

— ಕನ್ನಡ ಅಧ್ಯಾಪಕರು ಮತ್ತು ಕಥೆಗಾರರ ಒಂದು ಗುಂಪು, ಮೈಸೂರು–ಮಂಡ್ಯ